ಹಳೆ ರ‍್ಯಾಮ್ ಮಾರಿ ಕಂಪ್ಯೂಟರಿಗೆ ಕನ್ನಡ ತಂದ ಕಾಲ

ಗಡಿಯಾಚೆಯ ಕನ್ನಡ ಶಾಲೆಗಳ ಇತಿಹಾಸ ಎಂದರೆ ಸಾಮಾನ್ಯವಾಗಿ ಕಟ್ಟಡ ಯಾವಾಗ ಆಯಿತು, ಪಠ್ಯಪುಸ್ತಕ ಎಲ್ಲಿಂದ ಬಂತು, ಶಿಕ್ಷಕರ ಹುದ್ದೆ ಎಷ್ಟು ಖಾಲಿ ಇತ್ತು ಎಂಬ ಲೆಕ್ಕ. ಇವೆಲ್ಲ ಬರೆಯಬೇಕಾದವೇ. ಆದರೆ ಇವುಗಳ ನಡುವೆ ಯಾರೂ ಬರೆಯದೆ ಬಿಟ್ಟ ಒಂದು ಸಣ್ಣ ಅಧ್ಯಾಯ ಇದೆ. ಈ ಭಾಗದ ಕನ್ನಡ ಮೇಷ್ಟ್ರುಗಳು ತಮ್ಮ ಮನೆಯ ಕಂಪ್ಯೂಟರಿನಿಂದ ಹಳೆಯ ರ‍್ಯಾಮ್ ಬಿಚ್ಚಿ ಮಾರಿ, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದನ್ನು ಹಾಕಿಸಿದ ಕಥೆ. ಕೇಳಲು ಅಲ್ಪ ಸಂಗತಿ. ಆದರೆ ಪರದೆಯ ಮೇಲೆ ಕನ್ನಡ ಅಕ್ಷರ ಸರಿಯಾಗಿ ಮೂಡಿದ್ದಕ್ಕೂ ಈ ಮಾರಾಟಕ್ಕೂ ನೇರ ಸಂಬಂಧ ಇದೆ. ಅದನ್ನು ಇಲ್ಲಿ ಬರೆದಿಡುತ್ತಿದ್ದೇವೆ.

ಮೊದಲು ನಮ್ಮ ಜಾಗದ ವಿಷಯ. ಹಳೆಯ ಸೇಲಂ ಜಿಲ್ಲೆ ಬಹಳ ದೊಡ್ಡದಾಗಿತ್ತು. 1965ರಲ್ಲಿ ಅದರಿಂದ ಧರ್ಮಪುರಿ ಬೇರೆಯಾಯಿತು. 2004ರ ಫೆಬ್ರವರಿಯಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಹೊಸೂರು, ದೇಂಕಣಿಕೋಟೆ, ತಳಿ ಕಡೆಯ ಕನ್ನಡಿಗರು ಇದ್ದಲ್ಲೇ ಇದ್ದು ಮೂರು ಜಿಲ್ಲೆಗಳ ಹೆಸರು ಬರೆದವರು. ಸೇಲಂ ನಗರದಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ದೇವಾಂಗ ನೇಕಾರರು ಇದ್ದಾರೆ. ನಮ್ಮ ಕಚೇರಿಯ ಕೆಲಸ ಏನಿದ್ದರೂ ದಕ್ಷಿಣಕ್ಕೆ, ಅಂದರೆ ಮೊದಲು ಸೇಲಂಗೆ, ಆಮೇಲೆ ಧರ್ಮಪುರಿಗೆ, ಈಗ ಕೃಷ್ಣಗಿರಿಗೆ. ಆದರೆ ಕಂಪ್ಯೂಟರಿನ ಬಿಡಿಭಾಗ ಬೇಕಾದರೆ ಹೊಸೂರಿನವರು ಉತ್ತರಕ್ಕೆ ಹೋಗುತ್ತಿದ್ದರು. ಬೆಂಗಳೂರು ಇರುವುದು ಸುಮಾರು 40 ಕಿಲೋಮೀಟರ್ ದೂರದಲ್ಲಿ. ಈ ಎರಡು ದಿಕ್ಕುಗಳನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ.

ರ‍್ಯಾಮ್ ಎಂದರೇನು?

ಮಕ್ಕಳಿಗೆ ನಾವು ಹೀಗೆ ಹೇಳಿಕೊಡುತ್ತೇವೆ: ಹಾರ್ಡ್ ಡಿಸ್ಕ್ ಎಂದರೆ ಬೀರು, ರ‍್ಯಾಮ್ ಎಂದರೆ ಮೇಜು. ಬೀರುವಿನಲ್ಲಿ ಪುಸ್ತಕ ಎಷ್ಟೇ ಇರಲಿ, ಓದಬೇಕಾದರೆ ಮೇಜಿನ ಮೇಲೆ ತೆಗೆದಿಡಬೇಕು. ಮೇಜು ಚಿಕ್ಕದಾದರೆ ಒಂದನ್ನು ಎತ್ತಿಟ್ಟು ಇನ್ನೊಂದನ್ನು ತರಬೇಕು. ಕಂಪ್ಯೂಟರ್ ನಿಧಾನವಾಗುವುದು ಈ ಎತ್ತಿಡುವ, ತರುವ ಓಡಾಟದಿಂದ. ಕರೆಂಟ್ ಹೋದರೆ ಮೇಜಿನ ಮೇಲಿದ್ದುದೆಲ್ಲ ಅಳಿಸಿಹೋಗುತ್ತದೆ. ಹಳೆಯ ರ‍್ಯಾಮ್ ಮಾರುವವರಿಗೆ ಇದು ಅನುಕೂಲದ ಮಾತು. ಅದರಲ್ಲಿ ನಮ್ಮ ಗುಟ್ಟು ಏನೂ ಉಳಿಯುವುದಿಲ್ಲ. ಹಾರ್ಡ್ ಡಿಸ್ಕ್ ಹಾಗಲ್ಲ, ಅದರಲ್ಲಿ ಮಕ್ಕಳ ಅಂಕಪಟ್ಟಿಯಿಂದ ಹಿಡಿದು ಮನೆಯ ಫೋಟೋವರೆಗೆ ಎಲ್ಲವೂ ಇರುತ್ತದೆ.

ಮೊದಲ ಕಾಲದ ಮೆಮೊರಿ ಚಿಪ್ಪಿನದ್ದಲ್ಲ. ಸಾಸಿವೆಯಷ್ಟು ಚಿಕ್ಕ ಕಾಂತದ ಉಂಗುರಗಳೊಳಗೆ ತಂತಿಗಳನ್ನು ಕೈಯಿಂದ ಪೋಣಿಸಿ ಮಾಡುತ್ತಿದ್ದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿ, 1960ರಲ್ಲಿ ಕೆಲಸಕ್ಕೆ ಹಚ್ಚಿದ ಟಿಫ್ರಾಕ್ ಕಂಪ್ಯೂಟರಿನಲ್ಲಿ ಇಂಥ ಮೆಮೊರಿಯೇ ಇತ್ತು. ಹಾಸು ಹೊಕ್ಕು ತಂತಿಗಳ ಆ ಚೌಕಟ್ಟಿನ ಚಿತ್ರವನ್ನು ಮಗ್ಗದ ಮನೆಯ ಮಕ್ಕಳಿಗೆ ತೋರಿಸಿದರೆ ಬೇರೆ ವಿವರಣೆ ಬೇಕಾಗುವುದಿಲ್ಲ. ಐಬಿಎಂನ ರಾಬರ್ಟ್ ಡೆನಾರ್ಡ್ ಅವರ ಚಿಪ್ ಮೆಮೊರಿಗೆ 1968ರಲ್ಲಿ ಪೇಟೆಂಟ್ ಸಿಕ್ಕಿತು. 1970ರಲ್ಲಿ ಇಂಟೆಲ್ ಕಂಪನಿ 1103 ಎಂಬ ಚಿಪ್ ಮಾರಲು ತೊಡಗಿತು. ಅಲ್ಲಿಂದ ಕಾಂತದ ಉಂಗುರಗಳ ಕಾಲ ಮುಗಿಯುತ್ತ ಬಂತು.

ಶಾಲೆಗಳ ವಿಷಯಕ್ಕೆ ಬಂದರೆ, 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಡಲು ಪ್ರಾರಂಭಿಸಿತು. ಅದರ ಬಿ ಮಾದರಿಯ ಮೆಮೊರಿ 32 ಕೆಬಿ. ಈಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸುವುದಿಲ್ಲ.

ಕನ್ನಡಕ್ಕೂ ಮೆಮೊರಿಗೂ ಏನು ಸಂಬಂಧ?

ಇದೇ ಮುಖ್ಯವಾದ ಮಾತು. 1990ರ ದಶಕದ ಕೊನೆಗೆ ನಮ್ಮ ಕಡೆ ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳು ಒಂದೊಂದಾಗಿ ಕಂಪ್ಯೂಟರ್ ಸೆಂಟರ್ ಆಗತೊಡಗಿದವು. ಅಲ್ಲಿ ತಮಿಳು ಫಾಂಟ್ ಇರುತ್ತಿತ್ತು, ಇಂಗ್ಲಿಷ್ ಇರುತ್ತಿತ್ತು, ಕನ್ನಡ ಇರುತ್ತಿರಲಿಲ್ಲ. ಅಂಗಡಿಯವರ ತಪ್ಪು ಅಲ್ಲ, ಕೇಳುವವರು ಕಡಿಮೆ. ಕನ್ನಡ ಮಾಧ್ಯಮದ ಪ್ರಶ್ನೆಪತ್ರಿಕೆಯನ್ನು ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸುವುದೇ ವಾಡಿಕೆಯಾಗಿತ್ತು.

ಆಗ ಬಂದದ್ದು ಬರಹ. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಅದನ್ನು ಹೊರತಂದರು. ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇವೆರಡೂ ನಮ್ಮಂಥವರಿಗೆ ದೊಡ್ಡ ಉಪಕಾರ ಮಾಡಿದವು. ಮನೆಗೊಂದು ಕಂಪ್ಯೂಟರ್ ಕೊಂಡ ಮೇಷ್ಟ್ರು ಪ್ರಶ್ನೆಪತ್ರಿಕೆ, ಆಹ್ವಾನ ಪತ್ರಿಕೆ, ಶಾಲಾ ವಾರ್ಷಿಕೋತ್ಸವದ ವರದಿ ಎಲ್ಲವನ್ನೂ ಕನ್ನಡದಲ್ಲಿ ಅಚ್ಚು ಹಾಕುವಂತಾಯಿತು. ವಿಂಡೋಸ್ 98ಕ್ಕೆ ಕನಿಷ್ಠ 16 ಎಂಬಿ ಮೆಮೊರಿ ಸಾಕಿತ್ತು. 32 ಎಂಬಿ ಇದ್ದವರ ಕೆಲಸ ಸಲೀಸಾಗಿ ನಡೆಯುತ್ತಿತ್ತು.

ಆದರೆ ಆ ಬರವಣಿಗೆಯಲ್ಲಿ ಒಂದು ತೊಡಕು ಇತ್ತು. ಕಂಪ್ಯೂಟರಿನ ಒಳಗೆ ಇರುತ್ತಿದ್ದುದು ಇಂಗ್ಲಿಷ್ ಸಂಕೇತಗಳು. ಮೇಲೆ ಕನ್ನಡದ ಫಾಂಟ್ ಹೊದಿಸಿದ್ದರಿಂದ ಕನ್ನಡವಾಗಿ ಕಾಣುತ್ತಿತ್ತು. ಅದೇ ಫಾಂಟ್ ಇಲ್ಲದ ಕಂಪ್ಯೂಟರಿಗೆ ಕಳಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಇದಕ್ಕೆ ಪರಿಹಾರ ಯುನಿಕೋಡ್. ಕನ್ನಡದ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರಲ್ಲಿ ಜಾಗ ಸಿಕ್ಕಿತ್ತು. ಆದರೆ ಜಾಗ ಸಿಕ್ಕಿದರೆ ಸಾಲದು. ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸಿ ಪರದೆಗೆ ತರುವ ವ್ಯವಸ್ಥೆ ವಿಂಡೋಸ್‌ನಲ್ಲೇ ಇರಬೇಕು.

ಈ ವ್ಯವಸ್ಥೆ ತಮಿಳಿಗೂ ದೇವನಾಗರಿಗೂ 2000ದಲ್ಲಿ ಬಂದ ವಿಂಡೋಸ್ 2000ದಲ್ಲೇ ದೊರೆಯಿತು. ಕನ್ನಡಕ್ಕೆ ದೊರೆತದ್ದು 2001ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನ ಜೊತೆ. ಕಾಸರಗೋಡಿನ ಮಿತ್ರರು ಗಮನಿಸಬೇಕು, ಮಲಯಾಳಕ್ಕೆ ಇನ್ನೂ ತಡವಾಗಿ, 2004ರ ಸರ್ವೀಸ್ ಪ್ಯಾಕ್ 2ರಲ್ಲಿ ಬಂತು. ಎಕ್ಸ್‌ಪಿಯಲ್ಲೂ ಕನ್ನಡ ತಾನಾಗಿ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಭಾಷೆಗಳ ವಿಭಾಗದಲ್ಲಿ ಒಂದು ಟಿಕ್ ಹಾಕಿ, ವಿಂಡೋಸ್ ಸಿಡಿಯನ್ನು ಮತ್ತೆ ತೂರಿಸಬೇಕಾಗಿತ್ತು.

ಆ ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ಮೆಮೊರಿ ಬೇಕು, 128 ಎಂಬಿ ಇರಲಿ ಎಂದು ಮೈಕ್ರೋಸಾಫ್ಟ್ ಹೇಳಿತ್ತು. 64ರಲ್ಲಿ ನಡೆಸಿ ನೋಡಿದವರಿಗೆ ಗೊತ್ತು, ಒಂದು ಫೈಲ್ ತೆರೆಯುವಷ್ಟರಲ್ಲಿ ಹಾಜರಿ ಕೂಗಿ ಮುಗಿಸಬಹುದಿತ್ತು. 2003ರಲ್ಲಿ ಕನ್ನಡ ವಿಕಿಪೀಡಿಯ ಪ್ರಾರಂಭವಾಯಿತು. ಅದನ್ನು ಓದಲು ಯುನಿಕೋಡ್ ಬೇಕು, ಯುನಿಕೋಡ್‌ಗೆ ಎಕ್ಸ್‌ಪಿ ಬೇಕು, ಎಕ್ಸ್‌ಪಿಗೆ 128 ಎಂಬಿ ಬೇಕು. ವಿಂಡೋಸ್ 98ರಲ್ಲಿ ಅದೇ ಪುಟ ಸಾಮಾನ್ಯವಾಗಿ ಚೌಕಗಳ ಸಾಲಾಗಿ ಕಾಣುತ್ತಿತ್ತು. ಇಂಗ್ಲಿಷ್ ಮಾತ್ರ ಬೇಕಾದವರು ಹಳೆಯ ಕಂಪ್ಯೂಟರಿನಲ್ಲೇ ಇನ್ನೂ ಕೆಲವು ವರ್ಷ ನೆಮ್ಮದಿಯಿಂದ ಇರಬಹುದಿತ್ತು. ಕನ್ನಡ ಬೇಕಾದವರು ಮೆಮೊರಿಗೆ ದುಡ್ಡು ಹೊಂದಿಸಲೇಬೇಕಾಯಿತು.

ಹಳೆಯದನ್ನು ಮಾರಲೇಬೇಕಾದ ಕಾರಣ

ಇರುವುದರ ಜೊತೆಗೆ ಇನ್ನೊಂದು ಸೇರಿಸಿದರೆ ಸಾಲದೇ, ಹಳೆಯದನ್ನು ಏಕೆ ಮಾರಬೇಕು ಎಂದು ಕೇಳಬಹುದು. ಮದರ್‌ಬೋರ್ಡಿನಲ್ಲಿ ರ‍್ಯಾಮ್ ಕೂರಿಸುವ ಸ್ಲಾಟ್ ಇರುವುದೇ ಎರಡೋ ಮೂರೋ. ಎರಡು ಸ್ಲಾಟ್ ಇದ್ದು ಎರಡರಲ್ಲೂ 32 ಎಂಬಿಯ ರ‍್ಯಾಮ್ ಇದ್ದರೆ ಒಟ್ಟು 64. ಸ್ಲಾಟ್ ತುಂಬಿಹೋಯಿತು. 128ಕ್ಕೆ ಹೋಗಬೇಕಾದರೆ ಇದ್ದುದನ್ನು ತೆಗೆಯಲೇಬೇಕು. ತೆಗೆದದ್ದು ಮನೆಯಲ್ಲಿದ್ದರೆ ಯಾವ ಪ್ರಯೋಜನಕ್ಕೂ ಇಲ್ಲ. ಅದೇ ರ‍್ಯಾಮ್ 32 ಎಂಬಿ ಮಾತ್ರ ಇರುವ ಇನ್ನೊಬ್ಬರಿಗೆ ಸಿಕ್ಕರೆ ಅವರ ಕಂಪ್ಯೂಟರಿನ ಮೆಮೊರಿ ಎರಡರಷ್ಟಾಗುತ್ತದೆ.

ಮದರ್‌ಬೋರ್ಡನ್ನೇ ಬದಲಿಸುವವರ ಪಾಡು ಬೇರೆ. ಮೆಮೊರಿಯ ಜಾತಿ ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತ ಬಂದಿದೆ. ಮೊದಲು 30 ಪಿನ್ನಿನ ಸಿಮ್, ಆಮೇಲೆ 72 ಪಿನ್ನಿನದು, ಅನಂತರ 168 ಪಿನ್ನಿನ ಎಸ್‌ಡಿ ರ‍್ಯಾಮ್, 184 ಪಿನ್ನಿನ ಡಿಡಿಆರ್, 240 ಪಿನ್ನಿನ ಡಿಡಿಆರ್2. ಡಿಡಿಆರ್3ಕ್ಕೂ 240 ಪಿನ್ನೇ, ಆದರೆ ಮಧ್ಯದ ಕಚ್ಚು ಬೇರೆ ಜಾಗದಲ್ಲಿದೆ. ಡಿಡಿಆರ್4 ಮತ್ತು ಡಿಡಿಆರ್5ಕ್ಕೆ 288 ಪಿನ್, ಅವುಗಳಲ್ಲೂ ಕಚ್ಚಿನ ಜಾಗ ಬೇರೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರದಿರಲಿ ಎಂದೇ ಹೀಗೆ ಮಾಡಿದ್ದಾರೆ. ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ 30 ಪಿನ್ನಿನ ಹಳೆಯವನ್ನು ಜೋಡಿಸಿ 72 ಪಿನ್ನಿನ ಸ್ಲಾಟಿಗೆ ಹಾಕಿಕೊಳ್ಳುವ ಅಡಾಪ್ಟರ್‌ಗಳು ಹೊರದೇಶಗಳಲ್ಲಿ ಮಾರಾಟಕ್ಕಿದ್ದವು. ಹಳೆಯದನ್ನು ಎಸೆಯಲು ಮನಸ್ಸು ಬಾರದಿರುವುದು ನಮ್ಮ ಊರಿನವರಿಗೆ ಮಾತ್ರ ಇರುವ ಗುಣವಲ್ಲ.

ಇದರಲ್ಲಿ ವ್ಯಾಪಾರದ ಒಂದು ಸೂಕ್ಷ್ಮ ಇದೆ. ಹೊಸ ಜಾತಿ ಬಂದ ತಕ್ಷಣ ಹಳೆಯದರ ಬೆಲೆ ಸೊನ್ನೆಯಾಗುವುದಿಲ್ಲ. ಕಾರ್ಖಾನೆಗಳು ಹಳೆಯದನ್ನು ತಯಾರಿಸುವುದು ಕಡಿಮೆ ಮಾಡುತ್ತವೆ, ಆದರೆ ಹಳೆಯ ಕಂಪ್ಯೂಟರ್‌ಗಳು ಓಡುತ್ತಲೇ ಇರುತ್ತವೆ. ಹಾಗಾಗಿ ಎಂಬಿ ಲೆಕ್ಕದಲ್ಲಿ ನೋಡಿದರೆ ಹಳೆಯ ಜಾತಿಯ ಮೆಮೊರಿ ಹೊಸದಕ್ಕಿಂತ ದುಬಾರಿಯಾಗುವುದೂ ಉಂಟು. ಆ ಕಂಪ್ಯೂಟರ್‌ಗಳೆಲ್ಲ ಗುಜರಿಗೆ ಹೋದ ಮೇಲೆ ರ‍್ಯಾಮ್ ಕೂಡ ತೂಕದ ಸಾಮಾನಾಗುತ್ತದೆ. ಅದರ ಅಂಚಿನ ಹಳದಿ ಪಟ್ಟಿಯಲ್ಲಿ ತೆಳುವಾದ ಚಿನ್ನದ ಲೇಪ ಇರುವುದರಿಂದ ಗುಜರಿಯವರೂ ಅದನ್ನು ಬಿಡುವುದಿಲ್ಲ. ಮಾರುವವನು ಈ ಎರಡರ ನಡುವಿನ ಕಾಲವನ್ನು ಹಿಡಿಯಬೇಕು.

ನಮ್ಮ ಜನಕ್ಕೆ ಇದು ಹೊಸ ವಿದ್ಯೆ ಏನಲ್ಲ. ಸೇಲಂನ ಸೆವ್ವಾಪೇಟೆ ಬೆಳ್ಳಿ ಕಾಲ್ಗೆಜ್ಜೆಗೆ ಹೆಸರಾದ ಜಾಗ. ಹಳೆಯ ಗೆಜ್ಜೆ ತೂಕಕ್ಕೆ ಹಾಕಿ, ಮೇಲೆ ಕೈಯಿಂದ ಸ್ವಲ್ಪ ಕೊಟ್ಟು ಹೊಸದನ್ನು ತರುವುದು ಪ್ರತಿ ಮನೆಯ ಹೆಂಗಸರಿಗೂ ಗೊತ್ತು. ಹಿತ್ತಾಳೆ ಪಾತ್ರೆಗೂ ಅದೇ ರೀತಿ. ಮೇಷ್ಟ್ರು ರ‍್ಯಾಮ್ ಹಿಡಿದು ಹೊರಟಾಗ ಮನೆಯವರಿಗೆ ಅದು ವಿಚಿತ್ರವಾಗಿ ಕಾಣಲಿಲ್ಲ. ವ್ಯತ್ಯಾಸ ಒಂದೇ. ಬೆಳ್ಳಿ ಹಳೆಯದಾದರೂ ಬೆಳ್ಳಿಯೇ, ರ‍್ಯಾಮ್ ಕಾದಷ್ಟೂ ಸವೆಯುವ ನಾಣ್ಯ.

ಎಸ್.ಪಿ. ರೋಡಿನ ದಾರಿ

ಬೆಂಗಳೂರಿನ ಟೌನ್‌ಹಾಲ್, ಸಿಟಿ ಮಾರ್ಕೆಟ್ ಹತ್ತಿರ ಇರುವ ಸಾದರ ಪತ್ರಪ್ಪ ರಸ್ತೆಯನ್ನು ಎಲ್ಲರೂ ಎಸ್.ಪಿ. ರೋಡ್ ಎನ್ನುತ್ತಾರೆ. ಇಕ್ಕಟ್ಟಾದ ರಸ್ತೆ, ಎರಡೂ ಕಡೆ ಕಂಪ್ಯೂಟರಿನ ಬಿಡಿಭಾಗಗಳ ಅಂಗಡಿಗಳು. ಚೆನ್ನೈಗೆ ರಿಚಿ ಸ್ಟ್ರೀಟ್ ಹೇಗೋ ಬೆಂಗಳೂರಿಗೆ ಇದು ಹಾಗೆ. ಸೇಲಂ, ಧರ್ಮಪುರಿಯವರಲ್ಲಿ ಚೆನ್ನೈ ಕಡೆ ಹೋಗುವವರೂ ಇದ್ದರು, ಆದರೆ ಹೊಸೂರು ಭಾಗದವರಿಗೆ ಎಸ್.ಪಿ. ರೋಡೇ ಹತ್ತಿರ. ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ಮನೆ.

ರ‍್ಯಾಮ್ ಒಯ್ಯುವುದಕ್ಕೂ ಒಂದು ಕ್ರಮ ಇತ್ತು. ಬರಿಗೈಯಲ್ಲಿ ಚಿಪ್ಪನ್ನು ಮುಟ್ಟಬಾರದು, ಮೈಯಲ್ಲಿರುವ ಸ್ಥಾಯೀ ವಿದ್ಯುತ್ತಿನಿಂದ ಅದು ಸತ್ತುಹೋಗಬಹುದು. ಸಾಮಾನ್ಯ ಪ್ಲಾಸ್ಟಿಕ್ ಕವರ್ ಕೂಡ ಒಳ್ಳೆಯದಲ್ಲ. ಹೊಸ ಬಿಡಿಭಾಗದ ಜೊತೆ ಬರುವ ಬೂದು ಬಣ್ಣದ ಚೀಲವನ್ನು ಜೋಪಾನ ಮಾಡಿಟ್ಟಿದ್ದವರು ಅದರಲ್ಲೇ ಹಾಕುತ್ತಿದ್ದರು. ನಮ್ಮವರು ಆ ಚೀಲವನ್ನು ಖಾಲಿ ಸೀಮೆಸುಣ್ಣದ ಡಬ್ಬಿಯಲ್ಲಿಟ್ಟು ಒಯ್ದದ್ದೂ ಉಂಟು. ಹೊರಡುವ ಮುಂಚೆ ಅಂಚಿನ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತಿದ್ದರು. ಮಂಕಾದ ಪಟ್ಟಿ ಹೊಳೆಯುತ್ತದೆ, ಸ್ಲಾಟಿನಲ್ಲಿ ಸಂಪರ್ಕ ಸರಿಯಾಗುತ್ತದೆ. ಕಂಪ್ಯೂಟರ್ ಆನ್ ಮಾಡಿದಾಗ ಪರದೆ ಕಪ್ಪಾಗಿದ್ದು ಬೀಪ್ ಬೀಪ್ ಎಂದರೆ ಇಂದಿಗೂ ಮೊದಲು ಮಾಡುವ ಚಿಕಿತ್ಸೆ ಈ ರಬ್ಬರಿನದೇ.

ಅಂಗಡಿಯವರು ರ‍್ಯಾಮ್ ತೆಗೆದುಕೊಂಡು ತಮ್ಮ ಬೋರ್ಡಿಗೆ ಹಾಕಿ, ಆನ್ ಮಾಡಿ, ಎಷ್ಟು ಎಂಬಿ ಎಂದು ಪರದೆಯಲ್ಲಿ ಬರುವ ಲೆಕ್ಕ ನೋಡಿ ಬೆಲೆ ಹೇಳುತ್ತಿದ್ದರು. ಮಾರಿ ದುಡ್ಡು ಎಣಿಸಿಕೊಂಡು ಹೋಗುವುದಕ್ಕಿಂತ ಅಲ್ಲೇ ಹೊಸದನ್ನು ಕೊಂಡು ವ್ಯತ್ಯಾಸ ಕೊಡುವುದು ಲಾಭ. ಹಳೆಯದಕ್ಕೆ ಹೊಸದರ ಪೂರ್ತಿ ಬೆಲೆ ಎಂದೂ ಹುಟ್ಟುತ್ತಿರಲಿಲ್ಲ, ಒಂದು ಭಾಗ ಅಷ್ಟೇ. ಆ ಒಂದು ಭಾಗದಿಂದಲೇ ಸಂಬಳದ ಲೆಕ್ಕ ಸರಿಹೋಗುತ್ತಿತ್ತು.

ಊರಲ್ಲೇ ಗಿರಾಕಿ ಸಿಕ್ಕರೆ ಇನ್ನೂ ಒಳ್ಳೆಯದು. ಹೊಸೂರಿನ ಟೈಪಿಂಗ್ ಸೆಂಟರ್, ಎಸ್‌ಟಿಡಿ ಬೂತಿನ ಬಿಲ್ಲಿಂಗ್ ಕಂಪ್ಯೂಟರ್, ಹಾರ್ಡ್‌ವೇರ್ ಕೋರ್ಸ್ ಓದುವ ಹುಡುಗರು, ಇವರೇ ಗಿರಾಕಿಗಳು. ಬೆಂಗಳೂರಿನ ಯಾವುದೋ ಆಫೀಸಿನಿಂದ ಹೊರಬಿದ್ದ ರ‍್ಯಾಮ್ ಎಸ್.ಪಿ. ರೋಡಿಗೆ, ಅಲ್ಲಿಂದ ಹೊಸೂರಿನ ಮೇಷ್ಟ್ರ ಮನೆಗೆ, ಅಲ್ಲಿಂದ ತಳಿ ಕಡೆಯ ಇನ್ನೊಂದು ಕಂಪ್ಯೂಟರಿಗೆ ಹೋಗುತ್ತಿತ್ತು. ಹೊಸದನ್ನು ಕೊಳ್ಳಲಾಗದ ಜಾಗಕ್ಕೆ ತಂತ್ರಜ್ಞಾನ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂತು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇದೆಲ್ಲ ಸ್ವಂತ ಕಂಪ್ಯೂಟರಿನ ವಿಷಯ. ಸರ್ಕಾರದಿಂದ ಶಾಲೆಗೆ ಬಂದ ಕಂಪ್ಯೂಟರ್ ದಾಸ್ತಾನು ಪುಸ್ತಕದಲ್ಲಿ ಏರಿರುತ್ತದೆ. ಅದು ಕೆಟ್ಟರೂ ಅದರ ಒಂದು ಸ್ಕ್ರೂ ಕೂಡ ನಾವು ಮಾರುವಂತಿಲ್ಲ. ಹಾಗಾಗಿಯೇ ಕನ್ನಡದ ಕೆಲಸ ಮೇಷ್ಟ್ರ ಮನೆಯ ಕಂಪ್ಯೂಟರಿನಲ್ಲಿ ನಡೆಯಿತು, ಅದರ ಖರ್ಚೂ ಮೇಷ್ಟ್ರ ಜೇಬಿನಿಂದ ಹೋಯಿತು. ಯಾವ ಕಡತದಲ್ಲೂ ಇದರ ಲೆಕ್ಕ ಸಿಗದಿರುವುದಕ್ಕೆ ಇದೇ ಕಾರಣ.

ಬೆಲೆಯ ಏರಿಳಿತ

ಮೆಮೊರಿಯ ಬೆಲೆ ಟೊಮೆಟೊ ಬೆಲೆಯ ಹಾಗೆ. 1993ರ ಜುಲೈನಲ್ಲಿ ಜಪಾನಿನ ನಿಹಾಮದಲ್ಲಿ ಸುಮಿಟೊಮೊ ಕಂಪನಿಯ ಕಾರ್ಖಾನೆಯಲ್ಲಿ ಸ್ಫೋಟವಾಯಿತು. ಚಿಪ್ಪಿಗೆ ಕವಚ ಹಾಕುವ ರಾಳದ ಬಹುಪಾಲು ಅಲ್ಲೇ ತಯಾರಾಗುತ್ತಿದ್ದುದರಿಂದ ಮೆಮೊರಿಯ ಬೆಲೆ ಎಲ್ಲ ಕಡೆ ಜಿಗಿಯಿತು. 1995ರಲ್ಲಿ ಒಂದು ಎಂಬಿಗೆ ಸುಮಾರು 30 ಡಾಲರ್ ಇತ್ತು. 1996 ಮುಗಿಯುವಷ್ಟರಲ್ಲಿ ಅದು ಸುಮಾರು 5 ಡಾಲರಿಗೆ ಕುಸಿಯಿತು. 1999ರ ಸೆಪ್ಟೆಂಬರ್ 21ರಂದು ತೈವಾನಿನಲ್ಲಿ ಭೂಕಂಪವಾದಾಗ ಮತ್ತೆ ಏರಿತು. ಭಾರತ 1997ರಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ, 2005ರ ಹೊತ್ತಿಗೆ ಇಂಥ ಸಾಮಾನಿನ ಆಮದು ಸುಂಕ ಇಳಿಸಿದ ಮೇಲೆ ನಮಗೂ ಹಗುರವಾಯಿತು. ತೈವಾನಿನಲ್ಲಿ ನೆಲ ನಡುಗಿದರೆ ಹೊಸೂರಿನ ಮೇಷ್ಟ್ರ ಲೆಕ್ಕ ತಪ್ಪುತ್ತದೆ ಎಂಬುದು ಸಮಾಜ ಪಾಠಕ್ಕೆ ಒಳ್ಳೆಯ ಉದಾಹರಣೆ.

2007ರಲ್ಲಿ ವಿಸ್ಟಾ ಬಂತು. ಅದು 512 ಎಂಬಿ ಕೇಳಿತು, ಆದರೆ ಕನ್ನಡಕ್ಕಾಗಿ ಟಿಕ್ ಹಾಕುವ, ಸಿಡಿ ತೂರಿಸುವ ಕೆಲಸ ತಪ್ಪಿತು. 2009ರ ವಿಂಡೋಸ್ 7ರಲ್ಲೂ ಕನ್ನಡ ತಾನಾಗಿ ಮೂಡುತ್ತಿತ್ತು. 2011ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡತೊಡಗಿದ ಮೇಲೆ ಕನ್ನಡ ಮಾಧ್ಯಮದ ಮಕ್ಕಳ ಮನೆಗೂ ಕಂಪ್ಯೂಟರ್ ಬಂತು. ಅಕ್ಷರ ಕಾಣಲೆಂದು ರ‍್ಯಾಮ್ ಮಾರುವ ಕಾಲ ಅಲ್ಲಿಗೆ ಮುಗಿಯಿತು.

ಈಗ ಮತ್ತೆ

ಮುಗಿಯಿತು ಎಂದುಕೊಂಡದ್ದು 2025ರಲ್ಲಿ ಬೇರೆ ರೂಪದಲ್ಲಿ ಬಂದಿದೆ. ಆ ವರ್ಷದ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿಯ ಜೊತೆಗೆ ಹೊಸ ಬಗೆಯ ಭದ್ರತಾ ಚಿಪ್ ಕೂಡ ಇರಬೇಕು. ಅದೇ ಹೊತ್ತಿಗೆ ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಮೆಮೊರಿಯನ್ನು ಬಾಚಿಕೊಳ್ಳತೊಡಗಿ ವರ್ಷದ ಕೊನೆಗೆ ಬೆಲೆ ಹಲವು ಪಟ್ಟು ಏರಿತು. ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಷಿಯಲ್ ವಿಭಾಗವನ್ನು ನಿಲ್ಲಿಸುವುದಾಗಿ ಮೈಕ್ರಾನ್ ಕಂಪನಿ ಡಿಸೆಂಬರ್‌ನಲ್ಲಿ ಹೇಳಿತು. ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯ ಡಿಡಿಆರ್4ಕ್ಕೂ ಮತ್ತೆ ಗಿರಾಕಿ ಹುಟ್ಟಿದ್ದಾರೆ.

ಇಂಥ ಹೊತ್ತಿನಲ್ಲಿ ಹಳೆಯ ಪಾಠ ಉಪಯೋಗಕ್ಕೆ ಬರುತ್ತದೆ. ಹೊಸದನ್ನು ಕೊಳ್ಳುವ ಮುಂಚೆ ನಿಮ್ಮ ಬೋರ್ಡಿನ ಸ್ಲಾಟ್ ಎಷ್ಟು, ಯಾವ ಜಾತಿಯ ಮೆಮೊರಿ, ಗರಿಷ್ಠ ಎಷ್ಟು ಹಿಡಿಯುತ್ತದೆ ನೋಡಿ. ತೆಗೆದ ರ‍್ಯಾಮನ್ನು ಮೆಮ್‌ಟೆಸ್ಟ್‌ನಂಥ ಉಚಿತ ತಂತ್ರಾಂಶದಲ್ಲಿ ಪರೀಕ್ಷೆ ಮಾಡಿ, ಕೆಲಸ ಮಾಡುತ್ತದೆ ಎಂದು ತೋರಿಸಿ ಮಾರಿ. ವಿಂಡೋಸ್ 11 ಹಿಡಿಯದ ಕಂಪ್ಯೂಟರನ್ನು ಎಸೆಯಬೇಡಿ. ಕಡಿಮೆ ಮೆಮೊರಿಯಲ್ಲಿ ನಡೆಯುವ ಲಿನಕ್ಸ್ ಹಾಕಿದರೆ ಅದರಲ್ಲಿ ಕನ್ನಡ ಚೆನ್ನಾಗಿಯೇ ಮೂಡುತ್ತದೆ, ಕನ್ನಡ ಫಾಂಟ್‌ಗಳೂ ಉಚಿತ. ನಿಜಕ್ಕೂ ಸತ್ತ ಬೋರ್ಡು, ರ‍್ಯಾಮ್‌ಗಳನ್ನು ಕಸಕ್ಕೆ ಹಾಕದೆ ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಬಯಲಲ್ಲಿ ಸುಟ್ಟರೆ ಹೊಗೆ ಕುಡಿಯುವವರು ನಮ್ಮ ಮಕ್ಕಳೇ.

ಕೊನೆಯದಾಗಿ ಒಂದು ಕೋರಿಕೆ. ಮೇಷ್ಟ್ರು ಮಾರಿದ ಆ 32 ಎಂಬಿಯಿಂದ ಬಂದ ದುಡ್ಡು ದೊಡ್ಡದಲ್ಲ. ಆದರೆ ಗಡಿಯ ಈಚೆಗೆ ಕನ್ನಡವನ್ನು ಪರದೆಗೆ ತಂದು ಕೊಡುವ ಹೊಣೆ ಯಾರ ಹೆಸರಿಗೂ ಇಲ್ಲದಿದ್ದಾಗ ಆ ದುಡ್ಡು ಒದಗಿತು. ನಿಮ್ಮ ಶಾಲೆಯಲ್ಲಿ ಮೊದಲ ಕನ್ನಡ ಪ್ರಶ್ನೆಪತ್ರಿಕೆ ಕಂಪ್ಯೂಟರಿನಲ್ಲಿ ಅಚ್ಚಾದದ್ದು ಯಾವ ವರ್ಷ, ಯಾರ ಮನೆಯಲ್ಲಿ, ಯಾವ ತಂತ್ರಾಂಶದಲ್ಲಿ ಎಂದು ಹಿರಿಯ ಶಿಕ್ಷಕರನ್ನು ಕೇಳಿ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಬರೆಸಿ. ಅವರಲ್ಲಿ ಅನೇಕರು ಈಗಾಗಲೇ ನಿವೃತ್ತರಾಗಿದ್ದಾರೆ. ನಾವೂ ನಮ್ಮ ಸುತ್ತಿನ ಶಾಲೆಗಳಲ್ಲಿ ಕೇಳಿ ಬರೆದುಕೊಳ್ಳಲು ಶುರು ಮಾಡಿದ್ದೇವೆ.